ಟರ್ನ್‌ಟೇಬಲಿನ ಆಯುಷ್ಯ

ಜಪಾನಿನ ಮತ್ಸುಶಿತ ಎಲೆಕ್ಟ್ರಿಕ್ ಕಂಪನಿಯು, ಅಂದರೆ ಈಗ ಪ್ಯಾನಸೋನಿಕ್ ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತವಾಗಿರುವ ಸಂಸ್ಥೆಯು, ತನ್ನ ಟೆಕ್ನಿಕ್ಸ್ ಮುದ್ರೆಯ ಎಸ್‌ಎಲ್-1200 ಎಂಬ ಟರ್ನ್‌ಟೇಬಲನ್ನು 1972ರಲ್ಲಿ ಮಾರುಕಟ್ಟೆಗೆ ತಂದಾಗ, ಅದನ್ನು ಕೊಳ್ಳತಕ್ಕವನು ಸಂಜೆಯ ಹೊತ್ತು ಹಜಾರದಲ್ಲಿ ಕುಳಿತು ಏಕಾಗ್ರಚಿತ್ತದಿಂದ ಸಂಗೀತವನ್ನಾಲಿಸುವ ಗೃಹಸ್ಥನೆಂದೇ ಎಣಿಸಿತ್ತು. ತಿರುಗುತ್ತಿರುವ ತಟ್ಟೆಯನ್ನು ಅಂಗೈಯಿಂದ ತಡೆದು, ಹಿಂದಕ್ಕೆಳೆದು, ಮರಳಿ ಮುಂದಕ್ಕೆ ನೂಕಿ, ಇರುಳೆಲ್ಲ ನೂರಾರು ಜನರನ್ನು ಕುಣಿಸುವ ತರುಣನೊಬ್ಬ ಅದೇ ಯಂತ್ರವನ್ನು ವಾದ್ಯವನ್ನಾಗಿ ಮಾಡಿಕೊಂಡಾನೆಂಬುದು ಅದರ ನಿರ್ಮಾಪಕರ ಊಹೆಗೆ ನಿಲುಕಿರಲಿಲ್ಲ. ಎಣಿಕೆಗೆ ಮೀರಿದ ಈ ಉಪಯೋಗದಿಂದ ಯಂತ್ರಕ್ಕೆ ಕೀರ್ತಿ ಬಂದಿತು. ಕೀರ್ತಿಯ ಜೊತೆಗೆ ಬೆವರು, ಧೂಳು, ಚೆಲ್ಲಿದ ಪಾನೀಯ, ಸಿಗರೇಟಿನ ಬೂದಿ, ರಾತ್ರೋರಾತ್ರಿ ವ್ಯಾನಿನಲ್ಲಿ ಊರಿಂದೂರಿಗೆ ಸಾಗುವ ಕಷ್ಟ ಇವೂ ಬಂದುವು. ಹಾಗಿದ್ದೂ ನಲವತ್ತು ವರ್ಷ ಹಳೆಯದಾದ ಎಸ್‌ಎಲ್-1200ಗಳು ಇಂದಿಗೂ ಲಂಡನ್ನಿನಲ್ಲಿ, ಬರ್ಲಿನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ದುಡಿಯುತ್ತಿವೆ. ಅವುಗಳ ಭಾಗಗಳು ಎಲ್ಲಿ ದೊರೆಯುತ್ತವೆ, ಕೆಟ್ಟಾಗ ಯಾರನ್ನು ಏನೆಂದು ಕೇಳಬೇಕು ಎಂಬುದು ಮೇಲ್ನೋಟಕ್ಕೆ ಕೆಲವೇ ಉತ್ಸಾಹಿಗಳ ಚಿಂತೆಯಾಗಿ ಕಂಡರೂ, ಯಂತ್ರವೊಂದು ದೀರ್ಘಾಯುವಾಗುವುದು ಹೇಗೆಂಬ ವಿಚಾರವನ್ನೇ ಅದು ಒಳಗೊಂಡಿದೆ.

ಡಿ.ಜೆ. ಎಂದೊಡನೆ ನಮ್ಮಲ್ಲಿ ಗಣೇಶನ ಮೆರವಣಿಗೆಯ ಲಾರಿಯ ಮೇಲೆ ಪೇರಿಸಿದ ಧ್ವನಿವರ್ಧಕಗಳು ಮನಸ್ಸಿಗೆ ಬರುವುದು ಸಹಜ; ಅಲ್ಲಿ ಹಾಡು ಹೊರಡುವುದು ಪೆನ್‌ಡ್ರೈವಿನಿಂದ. ಇಲ್ಲಿ ನಾನು ಹೇಳಹೊರಟಿರುವುದು, ಎರಡು ಟರ್ನ್‌ಟೇಬಲುಗಳನ್ನು ಅಕ್ಕಪಕ್ಕದಲ್ಲಿರಿಸಿ, ನಡುವೆ ಮಿಕ್ಸರೊಂದನ್ನಿಟ್ಟು, ವಿನೈಲ್ ಧ್ವನಿಮುದ್ರಿಕೆಗಳನ್ನು ಕೈಯಿಂದಲೇ ಆಳುವ ಕಲೆಯ ಉಪಕರಣವನ್ನು ಕುರಿತು. ಈ ಕಲೆಯ ಜನ್ಮಸ್ಥಾನ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ. 1973ರ ಆಗಸ್ಟ್ 11ರಂದು ಅಲ್ಲಿನ ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿಕಟ್ಟಡದಲ್ಲಿ, ಜಮೈಕದಿಂದ ವಲಸೆ ಬಂದ ಮನೆತನದ ಕೂಲ್ ಹರ್ಕ್ ಎಂಬ ತರುಣರು ತಮ್ಮ ಸೋದರಿಯು ಏರ್ಪಡಿಸಿದ ಕೂಟಕ್ಕೆ ಸಂಗೀತವೊದಗಿಸಿದುದನ್ನು ಹಿಪ್‌ಹಾಪ್ ಸಂಗೀತದ ಆರಂಭವೆಂದು ಇತಿಹಾಸಕಾರರು ಗಣಿಸುತ್ತಾರೆ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಅವರಿಗಿಂತಲೂ ಹತ್ತಿರದವರು, ಬಾರ್ಬಡೋಸಿನಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಗ್ರಾಂಡ್‌ಮಾಸ್ಟರ್ ಫ್ಲಾಷ್. ಅವರು ವೃತ್ತಿಶಿಕ್ಷಣದ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವರು. ಜನ ಬಿಸುಟ ಯಂತ್ರಗಳಿಂದ ಭಾಗಗಳನ್ನು ಬಿಚ್ಚಿ ತಂದು ತಮ್ಮ ಉಪಕರಣಗಳನ್ನು ಕಟ್ಟಿಕೊಂಡವರು. ತಟ್ಟೆಯ ಮೇಲಿನ ರಬ್ಬರ್ ಹಾಸು ಧ್ವನಿಮುದ್ರಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದುದರಿಂದ, ಫೆಲ್ಟ್ ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ವೃತ್ತಾಕಾರವಾಗಿ ಕತ್ತರಿಸಿ, ಆ ಹಾಸಿನ ಸ್ಥಾನದಲ್ಲಿರಿಸಿದರು. ಕೆಳಗೆ ತಟ್ಟೆ ತಿರುಗುತ್ತಿದ್ದರೂ ಮೇಲಿನ ಮುದ್ರಿಕೆಯನ್ನು ಬೆರಳ ತುದಿಯಿಂದ ನಿಲ್ಲಿಸುವುದು ಇದರಿಂದ ಸಾಧ್ಯವಾಯಿತು. ಮುಂದಿನ ಹಾಡಿನ ಆರಂಭವನ್ನು ಸಭೆಗೆ ಕೇಳಿಸದೆ ತಾವು ಮಾತ್ರ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವ ಸ್ವಿಚ್ಚನ್ನೂ ಅವರೇ ಜೋಡಿಸಿಕೊಂಡರು. ರಿಪೇರಿಯ ವಿದ್ಯೆ ಈ ಕಲೆಗೆ ಅನಂತರ ಬಂದು ಸೇರಿದುದಲ್ಲ, ಕಲೆ ಮೊಳೆತದ್ದೇ ಅದರಿಂದ ಎಂದರೆ ಅತಿಶಯೋಕ್ತಿಯಾಗದು.

ಯಂತ್ರದ ಅಂತರಂಗವನ್ನು ಸ್ವಲ್ಪ ತಿಳಿಯದೆ ಅದರ ರೋಗವನ್ನು ತಿಳಿಯುವಂತಿಲ್ಲ. ಹಿಂದಿನ ಬಹುಪಾಲು ಟರ್ನ್‌ಟೇಬಲುಗಳಲ್ಲಿ ಮೋಟಾರು ಒಂದು ಬದಿಗಿದ್ದು, ರಾಟೆಯ ಚಕ್ರದಿಂದ ಕದಿರಿಗೆ ಚಲನೆಯನ್ನೊಯ್ಯುವ ದಾರದಂತೆ, ರಬ್ಬರಿನ ಪಟ್ಟಿಯೊಂದು ತಟ್ಟೆಯನ್ನು ತಿರುಗಿಸುತ್ತಿತ್ತು. ಮನೆಯಲ್ಲಿ ಕೇಳುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ; ತಟ್ಟೆಯನ್ನು ಕೈಯಿಂದ ತಡೆಯುವವರಿಗಾದರೋ ಪಟ್ಟಿ ಹಿಗ್ಗುತ್ತದೆ, ಜಾರುತ್ತದೆ, ಕೈಬಿಟ್ಟ ಮೇಲೆ ವೇಗವನ್ನು ಕೂಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಮತ್ಸುಶಿತ ಕಂಪನಿಯ ಷುಯಿಚಿ ಒಬಾತ ಎಂಬ ಇಂಜಿನಿಯರರು ತಮ್ಮ ಸಹೋದ್ಯೋಗಿಗಳೊಡಗೂಡಿ ಈ ಪಟ್ಟಿಯನ್ನೇ ತೆಗೆದುಹಾಕಿ, ತಟ್ಟೆಯ ನಡುಗಂಬವನ್ನು ಮೋಟಾರಿನ ಅಕ್ಷವನ್ನಾಗಿಯೇ ಮಾಡಿದರು. 1970ರ ಎಸ್‌ಪಿ-10 ಈ ನೇರಚಾಲನೆಯ ಮೊದಲ ಫಲ. ಎಸ್‌ಎಲ್-1200ರ ಎರಡನೆಯ ಅವತರಣಿಕೆಯಾದ ಎಂಕೆ2 ಮಾದರಿಯಲ್ಲಿ ಅಲ್ಯುಮಿನಿಯಂ ತಟ್ಟೆಯ ಅಡಿಯಲ್ಲಿಯೇ ಅಯಸ್ಕಾಂತದ ಬಳೆಯಿದೆ. ಅದರ ಕೆಳಗೆ, ಸರ್ಕ್ಯೂಟ್ ಹಲಗೆಯ ಮೇಲೆ, ತಾಮ್ರದ ಸುರುಳಿಗಳಿವೆ. ತಟ್ಟೆಯೇ ಮೋಟಾರಿನ ತಿರುಗುವ ಅರ್ಧ. ಸುರುಳಿಗಳು ನಿಂತ ಅರ್ಧ. ಸವೆಯುವ ಪಟ್ಟಿಯಿಲ್ಲ, ಗಾಲಿಯಿಲ್ಲ, ಕಾರ್ಬನ್ ಬ್ರಷ್ ಇಲ್ಲ. ವೇಗವನ್ನು ಸ್ಫಟಿಕದ ಕಂಪನದೊಡನೆ ಕ್ಷಣಕ್ಷಣಕ್ಕೂ ಹೋಲಿಸಿ ಸರಿಪಡಿಸುವ ಮಂಡಲವೊಂದಿದ್ದು, ಗುಂಡಿಯೊತ್ತಿದ 0.7 ಸೆಕೆಂಡಿನಲ್ಲಿ ತಟ್ಟೆಯು ತನ್ನ ಪೂರ್ಣ ವೇಗವನ್ನು ಮುಟ್ಟುತ್ತದೆ. ಸವೆಯುವುದು ಅದರ ನಡುಗಂಬದ ಬೇರಿಂಗ್ ಒಂದೇ. ಅದಕ್ಕೂ ಸುಮಾರು 2000 ಗಂಟೆಗಳ ಬಳಕೆಗೊಮ್ಮೆ ಎರಡು ಮೂರು ಹನಿ ಎಣ್ಣೆಯನ್ನು ಬಿಟ್ಟರೆ ಸಾಕೆಂದು ಕೈಪಿಡಿ ಹೇಳುತ್ತದೆ.

ಈ ಎಂಕೆ2 ಮಾದರಿ ಹೊರಬಂದದ್ದು 1979ರಲ್ಲಿ. ವೇಗವನ್ನು ನೂರಕ್ಕೆ ಎಂಟರಷ್ಟು ಏರಿಸಲು ಅಥವಾ ಇಳಿಸಲು ಬಲಬದಿಯಲ್ಲಿ ಉದ್ದನೆಯ ಪಿಚ್ ಫೇಡರನ್ನು ಇಟ್ಟದ್ದು ಆಗಲೇ. ಎರಡು ಹಾಡುಗಳ ಲಯವನ್ನು ಒಂದಕ್ಕೊಂದು ಕೂಡಿಸುವ ಕೆಲಸವೆಲ್ಲ ಇಂದಿಗೂ ನಡೆಯುವುದು ಆ ಫೇಡರಿನ ಮೇಲೆಯೇ. ಅನಂತರ ಬೇರೆ ಬೇರೆ ಹೆಸರಿನ ಮಾದರಿಗಳು ಬಂದುವಾದರೂ, ಬೆಳ್ಳಿಯ ಬಣ್ಣದ್ದಕ್ಕೆ 1200 ಎಂದೂ ಕಪ್ಪು ಬಣ್ಣದ್ದಕ್ಕೆ ಅನೇಕ ದೇಶಗಳಲ್ಲಿ 1210 ಎಂದೂ ಸಂಖ್ಯೆಗಳು ಭಿನ್ನವಾದುವಾದರೂ, 2010ರಲ್ಲಿ ತಯಾರಿಕೆ ನಿಲ್ಲುವವರೆಗೆ, ಮೂವತ್ತೊಂದು ವರ್ಷಗಳ ಕಾಲ, ಯಂತ್ರದ ಎಲುಬುಗೂಡು ಬದಲಾಗಲೇ ಇಲ್ಲ. ಎಲ್ಲ ಮಾದರಿಗಳೂ ಸೇರಿ ಮೂವತ್ತೈದು ಲಕ್ಷದಷ್ಟು ಯಂತ್ರಗಳು ಮಾರಾಟವಾದುವೆಂದು ಕಂಪನಿ ಹೇಳಿಕೊಂಡಿದೆ. ವರ್ಷಕ್ಕೊಂದು ಹೊಸ ರೂಪ ತೊಡುವ ಯಂತ್ರಗಳ ಕಾಲದಲ್ಲಿ ಈ ಸ್ಥಿರತೆಯನ್ನು ಜಡತೆಯೆಂದು ಹಳಿದವರೂ ಇದ್ದರು. ಆದರೆ 1985ರ ಯಂತ್ರದ ತೋಳನ್ನು 2005ರ ಯಂತ್ರಕ್ಕೆ ಕೂಡಿಸಬಹುದು, ಒಂದರ ತಟ್ಟೆಯನ್ನು ಇನ್ನೊಂದರ ಮೇಲೆ ಕೂರಿಸಬಹುದು, ಒಂದೇ ಸರ್ವಿಸ್ ಮ್ಯಾನುಯಲನ್ನು ಹಿಡಿದುಕೊಂಡು ಬಹುಪಾಲು ಎಲ್ಲವನ್ನೂ ಬಿಚ್ಚಿ ನೋಡಬಹುದು ಎಂಬುದು ಆ ಸ್ಥಿರತೆಯ ಪ್ರಸಾದ. ಆ ಮ್ಯಾನುಯಲ್ಲಿನಲ್ಲಿ ಪ್ರತಿಯೊಂದು ಸ್ಕ್ರೂವನ್ನೂ ಬಿಡಿಸಿ ತೋರಿಸುವ ಚಿತ್ರವಿದೆ, ಪ್ರತಿ ಭಾಗಕ್ಕೂ ಸಂಖ್ಯೆಯಿದೆ, ಸರ್ಕ್ಯೂಟಿನ ಪೂರ್ಣ ನಕ್ಷೆಯಿದೆ, ಎಲ್ಲಿ ಎಷ್ಟು ವೋಲ್ಟ್ ಇರತಕ್ಕದ್ದೆಂಬ ವಿವರವಿದೆ. ಒಬ್ಬ ಮೆಕ್ಯಾನಿಕ್ ಎಷ್ಟೇ ಕುಶಲನಾಗಿದ್ದರೂ ಇಂಥ ಪುಸ್ತಕವಿಲ್ಲದೆ ಅವನು ಕತ್ತಲಲ್ಲಿ ತಡವರಿಸಬೇಕಾಗುತ್ತದೆ.

ಇನ್ನು ಭಾಗಗಳ ಅನ್ವೇಷಣೆಗೆ ಬರೋಣ. ಅನ್ವೇಷಣೆಗೆ ಹೊರಡುವ ಹೆಚ್ಚಿನವರು ಮಾಡುವ ಮೊದಲ ತಪ್ಪೆಂದರೆ, ದೋಷ ಯಾವುದೆಂದು ತಿಳಿಯುವುದಕ್ಕೆ ಮೊದಲೇ ಭಾಗಕ್ಕಾಗಿ ಅಲೆಯುವುದು. ಒಂದು ಕಡೆಯ ಸ್ಪೀಕರ್ ಮೌನವಾದೊಡನೆ ಹೊಸ ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಭಾಗ, ಬೇಕೆನ್ನುತ್ತಾರೆ. ವೇಗ ಹೆಚ್ಚುಕಡಿಮೆಯಾದೊಡನೆ ಮೋಟಾರು ಹೋಯಿತೆನ್ನುತ್ತಾರೆ. ಡಿ.ಜೆ.ಗೆ ಬೇರಾವ ಯಂತ್ರದ ಒಡೆಯನಿಗೂ ಇಲ್ಲದ ಅನುಕೂಲವೊಂದಿದೆ: ಅವನ ಬಳಿ ಯಂತ್ರಗಳು ಯಾವಾಗಲೂ ಜೋಡಿಯಾಗಿರುತ್ತವೆ, ಎರಡೂ ಏಕಕಾಲದಲ್ಲಿ ಕೆಡುವುದು ಅಪರೂಪ, ಆದುದರಿಂದ ಸರಿಯಾಗಿರುವ ಒಂದು ಕೆಟ್ಟಿರುವ ಇನ್ನೊಂದಕ್ಕೆ ಸಾಕ್ಷಿ ನುಡಿಯುತ್ತದೆ.

ಉದಾಹರಣೆಗೆ, ಎಡಗಡೆಯ ಧ್ವನಿ ಬರುತ್ತಿಲ್ಲವೆನ್ನೋಣ. ಟರ್ನ್‌ಟೇಬಲಿನಿಂದ ಮಿಕ್ಸರಿಗೆ ಹೋಗುವ ಎರಡು ಆರ್‌ಸಿಎ ಪಿನ್ನುಗಳನ್ನು ಮಿಕ್ಸರಿನ ಬಳಿ ಅದಲುಬದಲು ಮಾಡಿ. ಮೌನವು ಎಡದಿಂದ ಬಲಕ್ಕೆ ಸರಿದರೆ ದೋಷ ಟರ್ನ್‌ಟೇಬಲಿನಲ್ಲಿದೆ; ಸರಿಯದೆ ಎಡದಲ್ಲಿಯೇ ಉಳಿದರೆ ಮಿಕ್ಸರಿನಲ್ಲಿ ಅಥವಾ ಅದರಾಚೆ ಇದೆ. ಟರ್ನ್‌ಟೇಬಲಿನಲ್ಲಿದೆಯೆಂದು ಗೊತ್ತಾದ ಮೇಲೆ, ತೋಳಿನ ತುದಿಯ ಹೆಡ್‌ಶೆಲ್ಲನ್ನು ಬಿಚ್ಚಿ ಪಕ್ಕದ ಯಂತ್ರಕ್ಕೆ ಹಾಕಿ. ಅಲ್ಲಿಯೂ ಎಡಗಡೆ ಮೂಕವಾದರೆ ದೋಷ ಹೆಡ್‌ಶೆಲ್ಲಿನಲ್ಲಿದೆ, ತೋಳಿನಲ್ಲಲ್ಲ. ಹೆಡ್‌ಶೆಲ್ಲಿನೊಳಗೆ ನಾಲ್ಕು ಸಣ್ಣ ತಂತಿಗಳಿವೆ: ಬಿಳಿಯದು ಎಡದ ಧ್ವನಿಗೆ, ನೀಲಿಯದು ಅದರ ಮರುಹಾದಿಗೆ, ಕೆಂಪು ಬಲಕ್ಕೆ, ಹಸಿರು ಅದರ ಮರುಹಾದಿಗೆ. ಬಿಳಿಯ ಅಥವಾ ನೀಲಿಯ ತಂತಿಯ ಕೊಕ್ಕೆ ಸಡಿಲವಾಗಿರುವುದೋ, ಪಿನ್ನಿನ ಮೇಲೆ ಕಿಲುಬು ಕಟ್ಟಿರುವುದೋ ಬಹುತೇಕ ಕಣ್ಣಿಗೇ ಕಾಣುತ್ತದೆ. ಹೆಡ್‌ಶೆಲ್ ನಿರ್ದೋಷಿಯೆಂದು ತೀರ್ಮಾನವಾದರೆ, ಪ್ರಾಯಶಃ ಆರ್‌ಸಿಎ ಕೇಬಲ್ ಪಿನ್ನಿನ ಕುತ್ತಿಗೆಯಲ್ಲಿ ಒಳಗೇ ತುಂಡಾಗಿರುತ್ತದೆ, ಏಕೆಂದರೆ ಪ್ರತಿ ರಾತ್ರಿ ಸುತ್ತಿ ಬಿಚ್ಚುವಾಗ ಬಾಗುವುದು ಅದೇ ಜಾಗ. ಹಳೆಯ ಮಾದರಿಗಳಲ್ಲಿ ಈ ಕೇಬಲನ್ನು ಯಂತ್ರಕ್ಕೇ ಬೆಸೆದಿರುವುದರಿಂದ ಕಳಚಿ ಬದಲಾಯಿಸುವಂತಿಲ್ಲ; ತಳವನ್ನು ಬಿಚ್ಚಿ, ತೋಳಿನ ಬುಡದಲ್ಲಿರುವ ಪುಟ್ಟ ಹಲಗೆಯ ಮೇಲೆ ಹೊಸ ಕೇಬಲನ್ನು ಸಾಲ್ಡರ್ ಮಾಡಬೇಕು. ಇದಕ್ಕೆ ಬೇಕಾದ ಕೇಬಲಿಗೆ ಟೆಕ್ನಿಕ್ಸ್ ಮುದ್ರೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಇನ್ನು, ಎಲ್ಲ ಸರಿಯಿದ್ದೂ ಗುಂಯ್ ಎಂಬ ಸದ್ದು ಬಿಡದಿದ್ದರೆ, ಕೇಬಲಿನ ಜೊತೆ ಬರುವ ಬರಿ ತಂತಿಯನ್ನು, ಅಂದರೆ ಅರ್ಥ್ ವೈರನ್ನು, ಮಿಕ್ಸರಿನ ಹಿಂದಿನ ತಿರುಪಿಗೆ ಬಿಗಿದಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ವೇಗದ ವಿಚಾರದಲ್ಲಿ ಯಂತ್ರವೇ ತನ್ನ ರೋಗವನ್ನು ಹೇಳಿಕೊಳ್ಳುವಂತೆ ರಚಿತವಾಗಿದೆ. ತಟ್ಟೆಯ ಅಂಚಿನ ಸುತ್ತ ನಾಲ್ಕು ಸಾಲು ಚುಕ್ಕೆಗಳಿವೆ. ಎಡಬದಿಯ ಗೋಪುರದಿಂದ ಅವುಗಳ ಮೇಲೆ ಕೆಂಪು ಬೆಳಕು ಬೀಳುತ್ತದೆ. ಬೆಳಕು ಸ್ಥಿರವಾಗಿರುವಂತೆ ಕಂಡರೂ ಅದು ಸ್ಫಟಿಕದ ಲೆಕ್ಕಕ್ಕನುಸಾರವಾಗಿ ಮಿನುಗುತ್ತಿರುತ್ತದೆ. ತಟ್ಟೆಯ ವೇಗ ಆ ಲೆಕ್ಕಕ್ಕೆ ಸರಿಹೊಂದಿದಾಗ ದೊಡ್ಡ ಚುಕ್ಕೆಗಳ ಸಾಲು ಓಡುತ್ತಿದ್ದರೂ ನಿಂತಂತೆ ತೋರುತ್ತದೆ. ಈಗ ಪಿಚ್ ಫೇಡರನ್ನು ನಡುವಿಗೆ ತನ್ನಿ. ಟಿಕ್ಕೆಂದು ಕೂರುತ್ತದೆ, ಹಸಿರು ದೀಪ ಹೊತ್ತುತ್ತದೆ. ಆ ಸ್ಥಾನದಲ್ಲಿ ಎಂಕೆ2 ಫೇಡರಿನ ಮಾತನ್ನು ಕೇಳುವುದಿಲ್ಲ, ಸ್ಫಟಿಕದ ಮಾತನ್ನು ಮಾತ್ರ ಕೇಳುತ್ತದೆ. ಅಲ್ಲಿ ಚುಕ್ಕೆಗಳು ನಿಂತಿದ್ದು, ಫೇಡರನ್ನು ಸರಿಸಿದೊಡನೆ ತತ್ತರಿಸಿದರೆ, ಮೋಟಾರು ಆರೋಗ್ಯವಾಗಿದೆ, ಫೇಡರ್ ಮಲಿನವಾಗಿದೆ. ನಡುವಿನಲ್ಲಿದ್ದಾಗಲೂ ಚುಕ್ಕೆಗಳು ನಿಲ್ಲದಿದ್ದರೆ ಮಾತ್ರ ಸರ್ಕ್ಯೂಟಿನ ಕಡೆಗೆ ತಿರುಗಬೇಕು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಮೋಟಾರನ್ನು ಬದಲಾಯಿಸಿದವರಿದ್ದಾರೆಂಬುದು ಸೋಜಿಗ. ಆ ನಡುವಿನ ಟಿಕ್ಕು ಅನೇಕ ಕಲಾವಿದರಿಗೆ ಕಿರಿಕಿರಿಯಾಗಿತ್ತು, ಸೊನ್ನೆಯ ಆಸುಪಾಸಿನಲ್ಲಿ ನಯವಾಗಿ ಸರಿಸಲು ಅದು ಬಿಡುತ್ತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಎಂಕೆ3ಡಿ ಮಾದರಿಯಲ್ಲಿ ಅದನ್ನು ತೆಗೆದು ಪ್ರತ್ಯೇಕ ಗುಂಡಿಯನ್ನಿಟ್ಟರು. ರಿಪೇರಿಯವನ ದೃಷ್ಟಿಯಿಂದ ನೋಡಿದರೆ ಹಳೆಯ ಟಿಕ್ಕೇ ಮೇಲು.

ಮಲಿನವಾದ ಫೇಡರನ್ನು ತೊಳೆಯುವುದು ಒಂದು ಮಧ್ಯಾಹ್ನದ ಕೆಲಸ. ಮೊದಲು ಪ್ಲಗ್ಗನ್ನು ಗೋಡೆಯಿಂದ ಕೀಳತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಟ್ರಾನ್ಸ್‌ಫಾರ್ಮರ್ ಯಂತ್ರದೊಳಗೇ ಇದೆ. ತಟ್ಟೆಯ ಮೇಲಿನ ಎರಡು ರಂಧ್ರಗಳಲ್ಲಿ ಬೆರಳಿಟ್ಟು ಮೇಲಕ್ಕೆತ್ತಿದರೆ ಅಯಸ್ಕಾಂತ ಒಂದು ಕ್ಷಣ ಬಿಗಿಹಿಡಿದು ಮತ್ತೆ ಬಿಟ್ಟುಕೊಡುತ್ತದೆ. ತೆಗೆದ ತಟ್ಟೆಯನ್ನು ಕಬ್ಬಿಣದ ಚೂರುಗಳಿರುವ ಮೇಜಿನ ಮೇಲಿಡಬಾರದು. ಅಯಸ್ಕಾಂತಕ್ಕೆ ಅಂಟಿದ ಒಂದು ಸಣ್ಣ ಸ್ಕ್ರೂ ಮರಳಿ ಜೋಡಿಸಿದಾಗ ಸುರುಳಿಗಳನ್ನು ಕೆರೆದು ಹಾಕಬಲ್ಲುದು. ತಳವನ್ನು ಬಿಚ್ಚಿ ಫೇಡರನ್ನು ಹೊರತೆಗೆದರೆ ಅದರ ಓಟದ ಹಾದಿಯಲ್ಲಿ ವರ್ಷಗಳ ಧೂಳು ಗ್ರೀಸಿನೊಡನೆ ಬೆರೆತು ಕಪ್ಪಾಗಿ ಕೂತಿರುತ್ತದೆ. ಅದನ್ನು ಎಲೆಕ್ಟ್ರಾನಿಕ್ಸಿಗೆಂದೇ ತಯಾರಿಸಿದ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿದ ಮೇಲೆ ಫೇಡರಿಗೆ ಯೋಗ್ಯವಾದ ತೆಳುವಾದ ಲೂಬ್ರಿಕಂಟನ್ನು ಸವರಬೇಕು. ತುಕ್ಕು ಬಿಡಿಸಲು ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇಯನ್ನು ಇಲ್ಲಿಗೆ ತರುವವರು ಕೆಲವು ವಾರ ಸುಖಪಟ್ಟು ಆಮೇಲೆ ಹೊಸ ಫೇಡರ್ ಹುಡುಕಿಕೊಂಡು ಹೊರಡುತ್ತಾರೆ. ಹೊಸದಾಗಿ ಕೊಳ್ಳಲೇಬೇಕಾಗಿ ಬಂದರೆ, ಅಸಲಿಯನ್ನು ಹೋಲುವ ನಕಲಿ ಫೇಡರುಗಳು ಹೇರಳವಾಗಿರುವುದರಿಂದ ಮಾರುವವನ ಪೂರ್ವಾಪರವನ್ನು ವಿಚಾರಿಸುವುದು ಒಳಿತು.

ತೋಳಿನ ವಿಷಯ ಇಷ್ಟು ಸುಲಭವಲ್ಲ. ಎಸ್ ಅಕ್ಷರದಂತೆ ಬಾಗಿದ ಈ ನಳಿಗೆ ತನ್ನ ಆಧಾರಬಿಂದುವಿನಿಂದ ಮುಳ್ಳಿನವರೆಗೆ 230 ಮಿಲಿಮೀಟರ್ ಉದ್ದವಿದ್ದು, ಅತ್ಯಂತ ಸೂಕ್ಷ್ಮವಾದ ಬೇರಿಂಗುಗಳ ನಡುವೆ ತೂಗುತ್ತದೆ. ಅದರೊಳಗೆ ಕೂದಲೆಳೆಯಷ್ಟು ತೆಳುವಾದ ತಂತಿಗಳು ಹಾದುಹೋಗುತ್ತವೆ. ಹಿಂಬದಿಯ ಭಾರವನ್ನು ಹೊಂದಿಸಿ ತೋಳನ್ನು ಗಾಳಿಯಲ್ಲಿ ಸಮತಲವಾಗಿ ತೇಲಿಸಿ, ಹೆಡ್‌ಶೆಲ್ಲನ್ನು ಎರಡು ಬೆರಳಿನಿಂದ ಹಿಡಿದು ಬಲು ಮೆಲ್ಲನೆ ಅಲುಗಿಸಿದಾಗ, ಬುಡದಲ್ಲಿ ಕಟಕಟವೆಂಬ ಸಡಿಲಿಕೆ ಕೈಗೆ ತಾಕಿದರೆ ಬೇರಿಂಗ್ ಪೆಟ್ಟು ತಿಂದಿದೆ ಎಂದು ತಿಳಿಯಬೇಕು. ಸಾಗಾಣಿಕೆಯಲ್ಲಿ ತೋಳನ್ನು ಕ್ಲಿಪ್ಪಿಗೆ ಸಿಗಿಸದೆ, ಹಿಂಬದಿಯ ಭಾರವನ್ನು ಕಳಚದೆ ಒಯ್ದ ಯಂತ್ರಗಳಿಗೆಲ್ಲ ಇದೇ ಗತಿ. ಬೇರಿಂಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿದರೆ ಸರಿಹೋಗುವುದುಂಟು, ಎರಡು ಕೂದಲೆಳೆಯಷ್ಟು ಬಿಗಿದರೆ ತೋಳು ಹೆಪ್ಪುಗಟ್ಟಿದಂತಾಗುವುದೂ ಉಂಟು. ಇಲ್ಲಿ ಪುಸ್ತಕಕ್ಕಿಂತ ಪಳಗಿದ ಕೈ ಮುಖ್ಯ, ಮತ್ತು ಅಂಥ ಕೈಗೆ ಕೇಳಿದಷ್ಟು ಕೂಲಿ ಕೊಡುವುದರಲ್ಲಿ ನಷ್ಟವಿಲ್ಲ.

ಸರ್ಕ್ಯೂಟಿನ ಭಾಗಗಳಲ್ಲಿ ಕೆಪಾಸಿಟರ್, ಟ್ರಾನ್ಸಿಸ್ಟರ್, ಸ್ಟಾರ್ಟ್ ಗುಂಡಿಯ ಕೆಳಗಿನ ಪುಟ್ಟ ಪುಶ್ ಸ್ವಿಚ್ ಇವೆಲ್ಲ ಸಾಮಾನ್ಯ ಸರಕುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಇವಕ್ಕೆ ಬರವಿಲ್ಲ. ಅಂಗಡಿಯವನಿಗೆ ಟೆಕ್ನಿಕ್ಸಿನ ಹೆಸರು ಗೊತ್ತಿರಬೇಕಾಗಿಯೂ ಇಲ್ಲ. ಕೆಟ್ಟ ಸ್ವಿಚ್ಚನ್ನು ಬಿಡಿಸಿ ಕೈಯಲ್ಲಿ ಹಿಡಿದು, “ಅಣ್ಣಾ, ಇದೇ ಸೈಜಿಂದು ಒಂದು ನಾಲ್ಕು ಕೊಡಿ” ಎಂದರೆ, ಅವನು ತಲೆಯೆತ್ತಿ ನೋಡದೆಯೇ ಡಬ್ಬಿಯಿಂದ ತೆಗೆದು ಕೊಡುತ್ತಾನೆ. ತೊಡಕಿರುವುದು ಈ ಯಂತ್ರಕ್ಕೆಂದೇ ಮತ್ಸುಶಿತ ತಯಾರಿಸಿದ ಐ.ಸಿ.ಗಳಲ್ಲಿ. ಮೋಟಾರನ್ನು ನಡೆಸುವ ಎಎನ್6675 ಎಂಬುದು ಅಂಥದೊಂದು. ಅದು ಕೆಟ್ಟರೆ ತಟ್ಟೆ ಹುಚ್ಚೆದ್ದು ಓಡುವುದೋ ನಡುಗಿ ನಿಂತುಬಿಡುವುದೋ ಆಗುತ್ತದೆ. ಹಳೆಯ ದಾಸ್ತಾನಿನಲ್ಲಿ ಉಳಿದ ಅಸಲಿ ಐ.ಸಿ.ಗಳಿಗೆ ಬೆಲೆ ಏರಿರುವುದರಿಂದ, ಬೇರಾವುದೋ ಐ.ಸಿ.ಯ ಹೆಸರನ್ನು ಉಜ್ಜಿ ಅಳಿಸಿ ಈ ಹೆಸರನ್ನು ಅಚ್ಚೊತ್ತಿ ಮಾರುವ ವ್ಯವಹಾರಕ್ಕೆ ಎಡೆಯಾಗಿದೆ. ಆದುದರಿಂದ ಬಲ್ಲವರು ಐ.ಸಿ. ಕೊಳ್ಳುವುದಕ್ಕೆ ಮೊದಲು ಹಲಗೆಯ ಮೇಲಿನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಬಿರುಕುಬಿಟ್ಟ ಒಂದು ಬೆಸುಗೆಯೂ ಇದೇ ಲಕ್ಷಣಗಳನ್ನು ತೋರಬಲ್ಲುದು, ಅದನ್ನು ಸರಿಪಡಿಸಲು ತಗಲುವ ಖರ್ಚು ಕಾಯಿಸಿದ ಕಬ್ಬಿಣದ್ದಷ್ಟೇ. ಎಲ್ಲಿಯೂ ದೊರೆಯದ ಭಾಗಕ್ಕೆ ಕೊನೆಯ ಆಸರೆ, ಸರಿಪಡಿಸಲಾಗದಷ್ಟು ಜಖಂ ಆದ ಇನ್ನೊಂದು ಯಂತ್ರ. ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುವುದೆಂದು ಚೆನ್ನಾಗಿರುವ ಯಂತ್ರಗಳನ್ನೂ ಕಳಚಿ ಮಾರುವವರಿದ್ದಾರೆ. ಅವರಲ್ಲಿ ಕೊಳ್ಳಲು ನನ್ನ ಮನಸ್ಸೊಪ್ಪದು.

ಮುಳ್ಳಿನದು ಬೇರೆಯೇ ಕಥೆ, ಏಕೆಂದರೆ ಅದು ಸವೆಯಲೆಂದೇ ಇರುವ ಭಾಗ. ತಟ್ಟೆಯನ್ನು ಹಿಂದುಮುಂದು ಉಜ್ಜುವ ಕಲಾವಿದರು ಬಹುಕಾಲ ಮೆಚ್ಚಿಕೊಂಡಿದ್ದುದು ಅಮೆರಿಕದ ಷೂರ್ ಕಂಪನಿಯ ಎಂ44-7 ಎಂಬ ಕಾರ್ಟ್ರಿಜ್ಜನ್ನು. ಒಂದೂವರೆಯಿಂದ ಮೂರು ಗ್ರಾಂ ಭಾರದಲ್ಲಿ ಅದು ಗೆರೆಯನ್ನು ಬಿಟ್ಟು ಹಾರದೆ ಕಚ್ಚಿಕೊಂಡಿರುತ್ತಿತ್ತು. 1925ರಲ್ಲಿ ಷಿಕಾಗೋದಲ್ಲಿ ಆರಂಭವಾದ ಆ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯಿಂದಲೇ ಹಿಂದೆ ಸರಿಯಿತು. ಈಗ ಆ ಕಾರ್ಟ್ರಿಜ್ಜಿಗೆ ಮುಳ್ಳನ್ನು ಒದಗಿಸುತ್ತಿರುವುದು, 1873ರಲ್ಲಿ ಹೊಲಿಗೆ ಸೂಜಿಗಳಿಂದ ವ್ಯವಹಾರವನ್ನಾರಂಭಿಸಿದ, ಜಪಾನಿನ ಹ್ಯೋಗೊ ಪ್ರಾಂತದ ಜಿಕೊ ಎಂಬ ಸಂಸ್ಥೆ. ಅಸಲಿ ಕಂಪನಿ ಕೈಬಿಟ್ಟ ಭಾಗವನ್ನು ಮೂರನೆಯವರು ಶ್ರದ್ಧೆಯಿಂದ ಮಾಡಿಕೊಡುವುದು ಇಂಥ ಕ್ಷೇತ್ರದಲ್ಲಿ ವಿರಳ. ಸವೆದ ಮುಳ್ಳನ್ನೇ ಬಳಸುತ್ತ ಹೋಗುವವರು, ಒಂದು ಮುಳ್ಳಿನ ಬೆಲೆಯನ್ನು ಉಳಿಸಲು ಒಂದು ಕಪಾಟು ಧ್ವನಿಮುದ್ರಿಕೆಗಳನ್ನು ಕಳೆದುಕೊಳ್ಳುತ್ತಾರೆ.

ಟೆಕ್ನಿಕ್ಸಿನ ಪ್ರತಿಸ್ಪರ್ಧಿಗಳ ಕಡೆಗೂ ಒಮ್ಮೆ ನೋಡುವುದು ನ್ಯಾಯ. ವೆಸ್ಟ್ಯಾಕ್ಸ್ ಎಂಬ ಜಪಾನೀ ಕಂಪನಿಯ ಪಿಡಿಎಕ್ಸ್-2000, ಮುಳ್ಳು ಹಾರದಂತೆ ನೇರವಾದ ತೋಳನ್ನು ಹೊಂದಿದ್ದು, ಹಿಂದುಮುಂದು ಉಜ್ಜುವ ಸ್ಕ್ರ್ಯಾಚ್ ಕಲೆಗೆ ಟೆಕ್ನಿಕ್ಸಿಗಿಂತ ಯೋಗ್ಯವೆಂದು ಹಲವರು ಹೇಳುತ್ತಿದ್ದರು, ಮತ್ತು ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಕಂಪನಿ 2014ರಲ್ಲಿ ದಿವಾಳಿಯಾಯಿತು; ಅಂದಿನಿಂದ ಆ ಯಂತ್ರದ ಒಡೆಯರಿಗೆ ಒಂದು ಭಾಗ ಬೇಕಾದರೆ ಇನ್ನೊಂದು ಪಿಡಿಎಕ್ಸ್ ಸಾಯುವುದನ್ನು ಕಾಯಬೇಕು. ಅದೇ 2014ರಲ್ಲಿ ಪಯೋನಿಯರ್ ಕಂಪನಿ ಪಿಎಲ್‌ಎಕ್ಸ್-1000 ಎಂಬುದನ್ನು ತಂದು, ಕಳಚಬಹುದಾದ ಕೇಬಲುಗಳನ್ನು ಅದಕ್ಕಿತ್ತದ್ದು ಮೆಚ್ಚತಕ್ಕ ಕೆಲಸ.

ವಿದೇಶದಿಂದ ಹಳೆಯ ಯಂತ್ರವನ್ನು ನಮ್ಮಲ್ಲಿಗೆ ತರಿಸುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಜಪಾನಿನ ಮನೆಗಳಲ್ಲಿ ಹರಿಯುವುದು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಜಪಾನಿನ ಆಂತರಿಕ ಮಾರುಕಟ್ಟೆಗೆಂದು ಮಾಡಿದ ಯಂತ್ರವನ್ನು ಪ್ಲಗ್ಗಿನ ಆಕಾರವನ್ನು ಮಾತ್ರ ಬದಲಾಯಿಸಿ ನಮ್ಮ ಗೋಡೆಗೆ ಸಿಕ್ಕಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ನಿಶ್ಚಿತ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಲೇಬಾರದು. ಕೆಲವು ದೇಶಗಳಿಗೆ ಕಳುಹಿಸಿದ ಮಾದರಿಗಳಲ್ಲಿ ವೋಲ್ಟೇಜನ್ನು ಆಯ್ದುಕೊಳ್ಳುವ ಸ್ವಿಚ್ ಇದೆ, ಅದು ಯಾವ ಸ್ಥಾನದಲ್ಲಿದೆಯೆಂದು ನೋಡಿಯೇ ಮುಂದುವರಿಯಬೇಕು. ಆದರೆ ವಿದ್ಯುತ್ತಿನ ಆವರ್ತನದ ಬಗ್ಗೆ ಚಿಂತೆ ಬೇಡ. ಅಮೆರಿಕದ 60 ಹರ್ಟ್ಸಿಗೆ ಮಾಡಿದ ಹಳೆಯ ಸಿಂಕ್ರೊನಸ್ ಮೋಟಾರಿನ ಟರ್ನ್‌ಟೇಬಲ್ ನಮ್ಮ 50 ಹರ್ಟ್ಸಿನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗಿ ಹಾಡನ್ನು ಎಳೆದುಬಿಡುತ್ತದೆ. ಎಸ್‌ಎಲ್-1200 ಎಂಕೆ2 ತನ್ನ ಲೆಕ್ಕವನ್ನು ಸ್ಫಟಿಕದಿಂದ ತೆಗೆದುಕೊಳ್ಳುವುದರಿಂದ ಆ ತೊಂದರೆ ಅದಕ್ಕಿಲ್ಲ. ಯಾರಾದರೂ ನೆಂಟರು ತರುವುದಾದರೆ ತಟ್ಟೆಯನ್ನೂ ಹಿಂಬದಿಯ ಭಾರವನ್ನೂ ಬಿಚ್ಚಿ ಬೇರೆ ಬೇರೆ ಸುತ್ತಿಡುವಂತೆ ಮೊದಲೇ ಹೇಳಿಡಿ.

ಬಲ್ಲವರ ಸಲಹೆ ಕೇಳುವುದಕ್ಕೂ ಒಂದು ಕ್ರಮವಿದೆ. “ನನ್ನ ಟರ್ನ್‌ಟೇಬಲ್ ಸರಿಯಿಲ್ಲ, ಏನು ಮಾಡಲಿ?” ಎಂದು ಕೇಳಿದವನಿಗೆ ಲೋಕದ ಅತ್ಯುತ್ತಮ ಮೆಕ್ಯಾನಿಕ್ಕೂ ಉತ್ತರ ಕೊಡಲಾರ. ಯಂತ್ರದ ಹಿಂಬದಿಯ ಫಲಕದಲ್ಲಿರುವ ಪೂರ್ಣ ಮಾದರಿಸಂಖ್ಯೆ ಮತ್ತು ವೋಲ್ಟೇಜು, ದೋಷವು ತಣ್ಣಗಿರುವಾಗ ಕಾಣುವುದೋ ಬಿಸಿಯಾದ ಮೇಲೆ ಕಾಣುವುದೋ, ಫೇಡರ್ ನಡುವಿನಲ್ಲಿದ್ದಾಗ ಚುಕ್ಕೆಗಳು ಏನು ಮಾಡುತ್ತವೆ, ಯಾವುದನ್ನು ಅದಲುಬದಲು ಮಾಡಿದಾಗ ಏನಾಯಿತು, ಇದಕ್ಕೆ ಮೊದಲು ಯಾರಾದರೂ ಬಿಚ್ಚಿದ್ದರೇ ಇವಿಷ್ಟನ್ನು ಬರೆದುಕೊಂಡು ಹೋದವನಿಗೆ, ಸಾವಿರಾರು ಮೈಲಿ ದೂರದಲ್ಲಿರುವ ಅಪರಿಚಿತನೂ ಯಂತ್ರವನ್ನು ಕಣ್ಣಾರೆ ಕಾಣದೆ ದೋಷವನ್ನು ಹೇಳಿಬಿಡುತ್ತಾನೆ. ಹೀಗೆ ಬರೆಯುವಷ್ಟರಲ್ಲಿಯೇ ಅರ್ಧ ಜನರಿಗೆ ದೋಷ ತಮ್ಮಷ್ಟಕ್ಕೆ ಹೊಳೆಯುವುದೂ ಉಂಟು.

ತಯಾರಿಕೆಯನ್ನು ನಿಲ್ಲಿಸಿದ ಕಂಪನಿ 2016ರಲ್ಲಿ ಟೆಕ್ನಿಕ್ಸ್ ಟರ್ನ್‌ಟೇಬಲನ್ನು ಮತ್ತೆ ತಂದಿತು. ಹಳೆಯ ಅಚ್ಚುಗಳನ್ನು ನೆಚ್ಚಿಕೊಳ್ಳುವಂತಿಲ್ಲದೆ ಬಹುಮಟ್ಟಿಗೆ ಎಲ್ಲವನ್ನೂ ಹೊಸದಾಗಿ ರಚಿಸಬೇಕಾಯಿತು. ಆಗ ಬಂದ 1200 ಪ್ರತಿಗಳ ವಿಶೇಷ ಆವೃತ್ತಿಯ ಬೆಲೆ ಸುಮಾರು 4000 ಡಾಲರ್, ಅದು ಡಿ.ಜೆ.ಗಳಿಗಲ್ಲ, ಧನಿಕ ಶ್ರೋತೃಗಳಿಗೆ. 2019ರ ಎಂಕೆ7 ಮಾತ್ರ ಮತ್ತೆ ಡಿ.ಜೆ.ಗಳನ್ನು ಉದ್ದೇಶಿಸಿದ್ದು, ಅದಕ್ಕೆ ಕಳಚಬಹುದಾದ ಕೇಬಲುಗಳಿವೆ, ಹಿಮ್ಮುಖವಾಗಿ ತಿರುಗುವ ಶಕ್ತಿಯೂ ಇದೆ. ಅದರ ಮೋಟಾರು ಹೊಸ ಬಗೆಯದು. ಎಂಕೆ2ರ ಮೋಟಾರು ಕೆಟ್ಟರೆ ಅದರಿಂದ ಸಹಾಯವಿಲ್ಲ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿ, ತಯಾರಕರು ಕೈಪಿಡಿಗಳನ್ನೂ ಭಾಗಗಳನ್ನೂ ಗ್ರಾಹಕರಿಗೆ ಒದಗಿಸಬೇಕೆಂಬ ಮಾತನ್ನೆತ್ತಿತು. ಆ ಮಾತು ಕಾಯಿದೆಯ ಬಲ ಪಡೆಯುವುದು ಅವಶ್ಯ. ಕಾಯಿದೆಯ ಒತ್ತಾಯವಿಲ್ಲದೆ ಒಂದು ಕಂಪನಿ 1979ರಲ್ಲಿ ಮಾಡಿದುದನ್ನು ಇಂದಿನ ಕಂಪನಿಗಳು ಮಾಡಲಾರವೆನ್ನಲು ಕಾರಣ ನನಗೆ ಕಾಣುವುದಿಲ್ಲ.

ಹಳೆಯ ಟರ್ನ್‌ಟೇಬಲ್ ಕೊಳ್ಳಲು ಹೊರಟ ಓದುಗರಿಗೆ ನನ್ನ ಮಾತಿಷ್ಟು. ತೋಳನ್ನು ಅಲುಗಿಸಿ ನೋಡಿ, ಫೇಡರನ್ನು ನಡುವಿಗೆ ತಂದು ಚುಕ್ಕೆಗಳನ್ನು ನೋಡಿ, ಹಿಂಬದಿಯ ಫಲಕದಲ್ಲಿ ವೋಲ್ಟೇಜನ್ನು ಓದಿ. ತೋಳೂ ಮೋಟಾರೂ ಸರಿಯಿದ್ದು ದೀಪ, ಸ್ವಿಚ್, ಕೇಬಲ್, ಫೇಡರ್ ಎಲ್ಲ ಹಾಳಾಗಿದ್ದರೂ ಚೌಕಾಸಿ ಮಾಡಿ ಕೊಳ್ಳಬಹುದು. ತೋಳಿನ ಬೇರಿಂಗ್ ಸಡಿಲವಾಗಿದ್ದರೆ ಹೊಸ ತೋಳಿನ ಬೆಲೆಯನ್ನು ಕಳೆದು ಕೇಳಿ. ಸರ್ವಿಸ್ ಮ್ಯಾನುಯಲ್ ಎಲ್ಲಿಯೂ ದೊರೆಯದ ಯಂತ್ರವನ್ನಾದರೋ, ಮಾರುವವನು ಎಷ್ಟೇ ಅಗ್ಗಕ್ಕೆ ಕೊಡುತ್ತೇನೆಂದರೂ, ಅಲ್ಲಿಯೇ ಬಿಟ್ಟು ಬನ್ನಿ.